ಮೊದಲ ರೀಫ್ ಟ್ಯಾಂಕ್: ಮೂರನೇ ಮಹಡಿ, ಬೋರ್‌ವೆಲ್ ನೀರು, ಉದ್ದದ ಪಟ್ಟಿ

ಹೊಸಬ_ಜೆಪಿನಗರ

ಎಲ್ಲರಿಗೂ ನಮಸ್ಕಾರ. ಸಿಹಿನೀರಿನಲ್ಲಿ ಗಿಡ ಬೆಳೆಸುವ ಟ್ಯಾಂಕ್ ಇಟ್ಟು ಹಲವು ವರ್ಷ ಆಯಿತು. ಈಗ ಉಪ್ಪುನೀರಿನ ರೀಫ್‌ಗೆ, ಅಂದರೆ ಹವಳ, ಮೀನು ಒಟ್ಟಿಗೆ ಇರುವ ಟ್ಯಾಂಕಿಗೆ, ಕೈ ಹಾಕೋಣ ಅಂತ ಮನಸ್ಸು. ಜೆ.ಪಿ. ನಗರದಲ್ಲಿ ಮೂರನೇ ಮಹಡಿಯ ಫ್ಲಾಟ್ ನಮ್ಮದು. 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಮಾಡಿಸುವ ಯೋಚನೆ. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ, ಉಳಿದದ್ದು ಬೋರ್‌ವೆಲ್, ಬೇಸಿಗೆ ಬಂದರೆ ಟ್ಯಾಂಕರ್. ಅಪಾರ್ಟ್‌ಮೆಂಟಿನ ಸಂಪ್ ಸೇರಿದ ಮೇಲೆ ಎಲ್ಲ ಒಂದೇ.

ಇಡಬೇಕು ಅಂದುಕೊಂಡಿರುವುದು: ಕ್ಲೌನ್ ಮೀನಿನ ಜೋಡಿ, ಒಂದು ಬ್ಲೂ ಟ್ಯಾಂಗ್ ಮೀನು (ಮಗಳ ಹಠ), ಒಂದು ಮ್ಯಾಂಡರಿನ್ ಮೀನು, ಒಂದು ಕಡಲಕುದುರೆ, ಕ್ಲೌನ್‌ಗಳಿಗೆ ಎನಿಮೋನ್ (ಹೂವಿನಂತೆ ಕಾಣುವ ಕಡಲಜೀವಿ), ಜೊತೆಗೆ ಎರಡು ಮೂರು ಅಕ್ರೊಪೊರಾ ಹವಳ.

ಅಡುಗೆಮನೆಯ ಆರ್‌ಒ ನೀರು ಸಾಕಾಗುತ್ತದಾ? ಬೆಂಗಳೂರಿನ ಹವೆಗೆ ಚಿಲ್ಲರ್ (ನೀರು ತಣ್ಣಗಿಡುವ ಯಂತ್ರ) ಬೇಕೇ ಬೇಕಾ? ನೀರು ತುಂಬಿಸಿದ ಎಷ್ಟು ದಿನಕ್ಕೆ ಮೀನು ಬಿಡಬಹುದು? ಕರೆಂಟ್ ಬಿಲ್ ಬಗ್ಗೆ ಮನೆಯಾಕೆ ಈಗಲೇ ಕೇಳುತ್ತಿದ್ದಾಳೆ, ಅದಕ್ಕೂ ಒಂದು ಉತ್ತರ ಕೊಡಿ.

ಗಾಜಿನ_ಕಡಲು

ಸ್ವಾಗತ ಸರ್. ಪಟ್ಟಿ ನೋಡಿದೆ. ಸದ್ಯಕ್ಕೆ ಅದನ್ನು ಮಡಚಿ ಜೇಬಿಗೆ ಹಾಕಿಕೊಳ್ಳಿ, ಆಮೇಲೆ ತೆಗೆಯೋಣ. ಆ ಪಟ್ಟಿಯಲ್ಲಿ ನಿಮ್ಮ ಟ್ಯಾಂಕಿಗೆ ಮೊದಲ ವರ್ಷ ಹೊಂದುವುದು ಕ್ಲೌನ್ ಜೋಡಿ ಒಂದೇ. ಬೇಜಾರು ಮಾಡಿಕೊಳ್ಳಬೇಡಿ, ಇಲ್ಲಿಗೆ ಬರುವ ಎಲ್ಲರ ಮೊದಲ ಪಟ್ಟಿಯೂ ಹೆಚ್ಚುಕಡಿಮೆ ಇದೇ.

ಮೊದಲು ಅಳತೆ. ನಿಮ್ಮ ಟ್ಯಾಂಕ್ ಹಿಡಿಯುವುದು ಸುಮಾರು 190 ಲೀಟರ್. ಕಲ್ಲು, ಮರಳು, ಮೇಲೆ ಬಿಡುವ ಜಾಗ ಕಳೆದರೆ ನಿಜವಾದ ನೀರು 150ರಿಂದ 160. ಮೊದಲ ರೀಫ್‌ಗೆ ಒಳ್ಳೆಯ ಗಾತ್ರ. ಇದಕ್ಕಿಂತ ಚಿಕ್ಕದು ತಗೊಂಡರೆ ಸುಲಭ ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಆದರೆ 40 ಲೀಟರ್ ಟ್ಯಾಂಕಿನಲ್ಲಿ ಒಂದು ಬಸವನಹುಳು ಸತ್ತರೂ ನೀರು ಕೆಡುತ್ತದೆ. ನೀರು ಜಾಸ್ತಿ ಇದ್ದಷ್ಟೂ ಬದಲಾವಣೆ ನಿಧಾನ, ನಿಮಗೆ ಯೋಚಿಸಲು ಸಮಯ ಸಿಗುತ್ತದೆ.

ಅಡುಗೆಮನೆಯ ಆರ್‌ಒ ವಿಷಯ ಟಿಡಿಎಸ್ ತಾತನಿಗೆ ಬಿಡುತ್ತೇನೆ. ಅವರು ಇನ್ನೂ ಬಂದಿಲ್ಲ ಅಂದರೆ ಕಾಫಿ ಕುಡಿಯುತ್ತಿದ್ದಾರೆ ಅಂತ ಅರ್ಥ.

ಟಿಡಿಎಸ್_ತಾತ

ಕಾಫಿ ಮುಗಿಯಿತು.

ಅಡುಗೆಮನೆಯ ಆರ್‌ಒ ಯಂತ್ರದಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣದ ಪ್ರಮಾಣ) ಕಂಟ್ರೋಲರ್ ಅಂತ ಒಂದು ಚಿಕ್ಕ ತಿರುಪು ಇರುತ್ತದೆ, ಇಲ್ಲವೇ ಕೊನೆಯಲ್ಲಿ ಮಿನರಲ್ ಕಾರ್ಟ್ರಿಡ್ಜ್ ಇರುತ್ತದೆ. ಕುಡಿಯಲು ರುಚಿ ಬರಲಿ ಅಂತ ಸೋಸಿದ ನೀರಿಗೆ ಮತ್ತೆ ಲವಣ ಸೇರಿಸುವ ವ್ಯವಸ್ಥೆ ಅದು. ನಿಮಗೆ ಬೇಕಾದದ್ದು ಅದರ ಉಲ್ಟಾ. ಮೀಟರಿನಲ್ಲಿ ಸೊನ್ನೆ ತೋರಿಸುವ ನೀರು ಬೇಕು. ಸೋಸುವ ಪೊರೆ, ಅಂದರೆ ಮೆಂಬ್ರೇನ್ ಆದಮೇಲೆ, ಮಿನರಲ್ ಕಾರ್ಟ್ರಿಡ್ಜ್‌ಗೆ ಹೋಗುವ ಮುಂಚೆ ಒಂದು ಟೀ (ಮೂರು ದಾರಿಯ ಪೈಪ್ ಜೋಡಣೆ) ಹಾಕಿ ನೀರು ತೆಗೆಯಿರಿ. ಅದನ್ನು ಉಳಿದ ಲವಣವನ್ನೂ ಹೀರುವ ಡಿಐ ರೆಸಿನ್ ತುಂಬಿದ ಕಾರ್ಟ್ರಿಡ್ಜ್ ಮೂಲಕ ಹಾಯಿಸಿ. ಬಣ್ಣ ಬದಲಾಗುವ ರೆಸಿನ್ ತಗೊಳ್ಳಿ, ಮುಗಿದದ್ದು ಕಣ್ಣಿಗೆ ಕಾಣುತ್ತದೆ.

ನಮ್ಮ ಊರಿನ ನೆಲದಡಿ ಇರುವುದು ಗ್ರಾನೈಟ್, ನೈಸ್ ಬಂಡೆ. ಹಾಗಾಗಿ ಬೋರ್‌ವೆಲ್ ನೀರಿನಲ್ಲಿ ಗಡಸುತನದ ಜೊತೆ ಸಿಲಿಕಾ ಕೂಡ ಬರುತ್ತದೆ. ರೆಸಿನ್ ಸುಸ್ತಾದಾಗ ಮೊದಲು ನುಸುಳಿಕೊಂಡು ಬರುವ ಪದಾರ್ಥಗಳಲ್ಲಿ ಸಿಲಿಕಾ ಒಂದು. ಟಿಡಿಎಸ್ ಮೀಟರ್ ಅದನ್ನು ಸರಿಯಾಗಿ ಹಿಡಿಯುವುದೇ ಇಲ್ಲ, ಅದು ವಿದ್ಯುತ್ ಹರಿಯುವುದನ್ನು ಮಾತ್ರ ಅಳೆಯುತ್ತದೆ. ಮರಳಿನ ಮೇಲೆ ಕಂದು ಪುಡಿ ಉದುರಿಸಿದ ಹಾಗೆ ಡಯಾಟಂ ಪಾಚಿ ಬಂದು ತಿಂಗಳುಗಟ್ಟಲೆ ಹೋಗದಿದ್ದರೆ ಮೊದಲು ರೆಸಿನ್ ನೋಡಿ. ಹೊಸ ಟ್ಯಾಂಕಿನಲ್ಲಿ ಕೆಲವು ವಾರ ಬರುವುದು ಮಾಮೂಲಿ.

ಕಾವೇರಿ ನೀರಿನಲ್ಲಿ ಲವಣ ಕಡಿಮೆ, ಆದರೆ ಕ್ಲೋರಿನ್ ಇರುತ್ತದೆ. ಕಾರ್ಬನ್ ಫಿಲ್ಟರ್ ಮೆಂಬ್ರೇನ್‌ಗಿಂತ ಮೊದಲು ಇರಬೇಕು, ಇಲ್ಲದಿದ್ದರೆ ಕ್ಲೋರಿನ್ ಮೆಂಬ್ರೇನ್ ಅನ್ನೇ ತಿನ್ನುತ್ತದೆ. ಕಾವೇರಿ ಬಿಡುವ ದಿನವೇ ನೀರು ಸೋಸಿ ಡ್ರಮ್ಮಿನಲ್ಲಿ ಇಟ್ಟುಕೊಳ್ಳಿ, ರೆಸಿನ್ ಜಾಸ್ತಿ ದಿನ ಬಾಳುತ್ತದೆ.

ಇನ್ನೊಂದು. ಒಂದು ಲೀಟರ್ ಶುದ್ಧ ನೀರಿಗೆ ಮೂರು ನಾಲ್ಕು ಲೀಟರ್ ಆಚೆ ಹೋಗುತ್ತದೆ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದಿದ್ದು ನೆನಪಿದೆಯಲ್ಲ. ಆ ನೀರನ್ನು ಚರಂಡಿಗೆ ಬಿಡಬೇಡಿ. ನೆಲ ಒರೆಸಲು, ಬಚ್ಚಲಿಗೆ, ಟಾಯ್ಲೆಟ್ ಫ್ಲಶ್‌ಗೆ ಹಿಡಿದಿಡಿ.

ಪುಟ್ಟಟ್ಯಾಂಕ್

ತಾತ, ಸುಮ್ನೆ ಒಂದು ಡೌಟು. ರೀಫ್ ಟ್ಯಾಂಕಿಗೆ ಅಂತ ಮಾರುವ ಈ ಡಬ್ಬಿ ಉಪ್ಪಿಗೆ ಅಷ್ಟು ದುಡ್ಡು ಯಾಕೆ? ಅಂಗಡಿಯ ಕಲ್ಲುಪ್ಪು ಹಾಕಿದರೆ ಆಗಲ್ವಾ? ಅದೂ ಸಮುದ್ರದ್ದೇ ಅಲ್ವಾ?

ಟಿಡಿಎಸ್_ತಾತ

ಆಗಲ್ಲ ಮರಿ. ಉಪ್ಪಿನ ಗದ್ದೆಯಲ್ಲಿ ನೀರು ಆವಿಯಾಗುತ್ತಾ ಹೋದ ಹಾಗೆ ಎಲ್ಲವೂ ಒಟ್ಟಿಗೆ ಹರಳಾಗುವುದಿಲ್ಲ. ಕ್ಯಾಲ್ಸಿಯಂ ಮೊದಲೇ ಜಿಪ್ಸಂ ಆಗಿ ತಳ ಸೇರುತ್ತದೆ. ಆಮೇಲೆ ನಾವು ತಿನ್ನುವ ಸೋಡಿಯಂ ಕ್ಲೋರೈಡ್ ಹರಳುಗಟ್ಟುತ್ತದೆ. ಮೆಗ್ನೀಷಿಯಂ, ಪೊಟ್ಯಾಷಿಯಂ ಕೊನೆಯ ಕಹಿನೀರಿನಲ್ಲೇ ಉಳಿದು ಹೊರಗೆ ಹೋಗುತ್ತದೆ. ಹವಳಕ್ಕೆ ಬೇಕಾದದ್ದು ಹಿಂದೊಂದಿಷ್ಟು ಹೋಯಿತು, ಮುಂದೊಂದಿಷ್ಟು ಹೋಯಿತು, ನಡುವಿನದು ಮಾತ್ರ ನಿಮ್ಮ ಕೈಗೆ ಬರುತ್ತದೆ. ಪ್ಯಾಕೆಟ್ ಉಪ್ಪಾದರೆ ಅಯೋಡಿನ್, ಗಂಟು ಕಟ್ಟದಿರುವ ಪುಡಿ ಬೇರೆ.

ಕುಮಟಾ_ಕಡೆಯವಳು

ನಮ್ಮ ಸಾಣಿಕಟ್ಟೆ ಉಪ್ಪು ಮಾವಿನಮಿಡಿಗೆ ಹಾಕಲಿಕ್ಕೆ ಸರಿ, ಹವಳಕ್ಕೆ ಅಲ್ಲ ಮಾರಾಯ್ರೆ.

ಮುಂದಿನ ಪ್ರಶ್ನೆ ನನಗೆ ಗೊತ್ತು, ಅದನ್ನೂ ಮೊದಲೇ ಹೇಳಿಬಿಡುತ್ತೇನೆ. ಊರಿಗೆ ಹೋದಾಗ ಕ್ಯಾನಿನಲ್ಲಿ ಸಮುದ್ರದ ನೀರು ತರಬಹುದಾ ಅಂತ. ದಡದ ನೀರು ತರಬೇಡಿ. ಮಳೆಗಾಲದಲ್ಲಿ ಅಘನಾಶಿನಿ, ಗಂಗಾವಳಿ, ಶರಾವತಿ ಎಲ್ಲ ತುಂಬಿ ಬಂದು ಸೇರುವಾಗ ದಡದ ನೀರಿನ ಉಪ್ಪು ಎಷ್ಟೋ ಇಳಿದಿರುತ್ತದೆ, ಕೆಸರು ಬೇರೆ. ಉಳಿದ ಕಾಲದಲ್ಲಿ ದೋಣಿಯ ಡೀಸೆಲ್ ಉಂಟು. ಮರಳೂ ಬೇಡ.

ಕಲ್ಲು, ಹವಳ ಅಂತೂ ಕೇಳಲೇಬೇಡಿ. ಮುರುಡೇಶ್ವರದ ಎದುರಿಗೆ ನೇತ್ರಾಣಿ ದ್ವೀಪದ ಸುತ್ತ ಹವಳ ಇದೆ, ಡೈವಿಂಗ್‌ಗೆ ಹೋದವರಿಗೆ ಗೊತ್ತು. ಅಲ್ಲಿಂದ ಒಂದು ಚೂರು ತಂದರೂ ಅಪರಾಧ. ಗಟ್ಟಿ ಅಸ್ಥಿಪಂಜರ ಇರುವ ಹವಳ, ಅಂದರೆ ಸ್ಕ್ಲೆರಾಕ್ಟೀನಿಯಾ ಗುಂಪಿನದು ಎಲ್ಲವೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಯಲ್ಲಿವೆ. ಹುಲಿ ಇರುವ ಪಟ್ಟಿ ಅದು. ಕಡಲಕುದುರೆಗೂ ಆ ಕಾಯ್ದೆಯ ರಕ್ಷಣೆ ಇದೆ. ಹೊಸಬರೇ, ನಿಮ್ಮ ಪಟ್ಟಿಯ ಅಕ್ರೊಪೊರಾ, ಕಡಲಕುದುರೆ ಎರಡೂ ಇಲ್ಲಿಗೇ ನಿಂತವು.

ಹೊಸಬ_ಜೆಪಿನಗರ

ಅಯ್ಯೋ! ಅಂಗಡಿಗಳಲ್ಲಿ ರಾಜಾರೋಷವಾಗಿ ಇಟ್ಟಿರುತ್ತಾರಲ್ಲ ಮೇಡಂ?

ಕುಮಟಾ_ಕಡೆಯವಳು

ಇಟ್ಟಿರುತ್ತಾರೆ. ಹೊರದೇಶದಲ್ಲಿ ಸಾಕಿ ಬೆಳೆಸಿ, ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪರವಾನಗಿಯೊಂದಿಗೆ ಬಂದದ್ದು ಅಂತ ಹೇಳುವವರು ಉಂಟು. ಹಾಗಾದರೆ ಕಾಗದ ತೋರಿಸಬೇಕು. ಮನ್ನಾರ್ ಕೊಲ್ಲಿಯಲ್ಲೋ ಲಕ್ಷದ್ವೀಪದಲ್ಲೋ ಉಳಿಯಲ್ಲಿ ಎಬ್ಬಿಸಿ ತಂದದ್ದಕ್ಕೆ ಕಾಗದ ಎಲ್ಲಿಂದ ಬರಬೇಕು? ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸೈಟಿಸ್ ಪಟ್ಟಿಯ ಜೀವಂತ ಪ್ರಾಣಿ ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು ಅಂತ 2024ರಲ್ಲಿ ನಿಯಮವೂ ಬಂತು. "ಬಿಲ್ ಇಲ್ಲ, ಕ್ಯಾಶ್ ಕೊಟ್ಟರೆ ಕಮ್ಮಿ ಮಾಡುತ್ತೇನೆ" ಅಂದ ಅಂಗಡಿಯಿಂದ ಸುಮ್ನೆ ಎದ್ದು ಬನ್ನಿ.

ಹ್ಯಾಮರ್, ಟಾರ್ಚ್, ಬ್ರೇನ್ ಅಂತ ಮಾರುವುದೆಲ್ಲ ಗಟ್ಟಿ ಹವಳವೇ. ನೋಡಲು ಮೆತ್ತಗಿರುತ್ತದೆ, ಕೆಳಗೆ ಅಸ್ಥಿಪಂಜರ ಇರುತ್ತದೆ. ಸೋವಾಂತಿಡ್, ಮಶ್ರೂಮ್, ಲೆದರ್ ಅಂತ ಮಾರುವ ಮೆತ್ತನೆಯ ಹವಳಗಳು ಆ ಗುಂಪಿಗೆ ಸೇರುವುದಿಲ್ಲ. ಆದರೂ ಬಿಲ್ ತಗೊಳ್ಳಿ. ಇನ್ನೂ ಒಳ್ಳೆಯದು, ಊರಿನಲ್ಲೇ ಹಳೆಯ ಟ್ಯಾಂಕ್ ಇರುವ ಯಾರಾದರೂ ತಮ್ಮ ಮಶ್ರೂಮ್ ಕತ್ತರಿಸಿ ಕೊಡುತ್ತಾರಾ ಕೇಳಿ. ಅದು ಹೊಸ ಮನೆಗೆ ಬೇಗ ಒಗ್ಗುತ್ತದೆ, ಸಮುದ್ರದಿಂದ ಏನೂ ಕಿತ್ತ ಹಾಗೆ ಆಗುವುದಿಲ್ಲ.

ವೈಟ್‌ಫೀಲ್ಡ್_ರೀಫ್

ಕಾನೂನಿನ ಮಾತು ಸರಿ, ಆದರೆ ಅಕ್ರೊಪೊರಾ ಮೊದಲ ವರ್ಷಕ್ಕೆ ಹೇಗೂ ಬೇಡ. ಅದಕ್ಕೆ ಬೆಳಕು ಜಾಸ್ತಿ, ನೀರಿನ ಓಟ ಜಾಸ್ತಿ, ಕ್ಷಾರತೆ ದಿನದಿಂದ ದಿನಕ್ಕೆ ಅಲುಗಾಡಬಾರದು. ಲೆದರ್, ಮಶ್ರೂಮ್‌ಗೆ ಬೆಳಕಿನ ಬಲ ಅಳೆಯುವ ಪಾರ್ ಮಾಪನದಲ್ಲಿ 50ರಿಂದ 100 ಸಾಕು. ಅಕ್ರೊಗೆ 200ರಿಂದ 350 ಬೇಕು. ಲೈಟಿನ ಖರ್ಚೇ ಬೇರೆ ಲೆಕ್ಕಕ್ಕೆ ಹೋಗುತ್ತದೆ.

ಈಗ ಚಿಲ್ಲರ್. ಬೇಕು. 2024ರ ಏಪ್ರಿಲ್‌ನಲ್ಲಿ ಬೆಂಗಳೂರು 38 ಡಿಗ್ರಿ ದಾಟಿತ್ತು. ನಮ್ಮದು ಮೇಲಿನ ಮಹಡಿ, ಪಶ್ಚಿಮದ ಗೋಡೆ. ಚಿಲ್ಲರ್ ಇಲ್ಲದೆ ನಾನು ಯಾರಿಗೂ ರೀಫ್ ಇಡಿ ಅನ್ನುವುದಿಲ್ಲ. ನೀರು 30 ದಾಟಿ ಅಲ್ಲೇ ಕೂತರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ.

ಗಾಜಿನ_ಕಡಲು

ಅಲ್ಲೇ ನನ್ನ ತಕರಾರು. ಮೇಲಿನ ಮಹಡಿ, ಪಶ್ಚಿಮದ ಗೋಡೆ ಅಂದರೆ ನಿಮಗೆ ಬೇಕು ಗುರು, ಒಪ್ಪಿದೆ. ಇವರದ್ದು ಮೂರನೇ ಮಹಡಿ, ಮೇಲೆ ಇನ್ನೂ ಮನೆಗಳಿರಬಹುದು. ನಮ್ಮ ಬೇಸಿಗೆ ಒಣ ಬೇಸಿಗೆ. ಚೆನ್ನೈ, ಮುಂಬೈಯವರಿಗೆ ಫ್ಯಾನ್‌ನಿಂದ ಹೆಚ್ಚು ಉಪಯೋಗ ಇಲ್ಲ, ಗಾಳಿಯಲ್ಲೇ ತೇವ ತುಂಬಿರುತ್ತದೆ. ಇಲ್ಲಿ ನೀರಿನ ಮೇಲೆ ಒಂದು ಚಿಕ್ಕ ಫ್ಯಾನ್ ತಿರುಗಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ.

ಹೊಸಬರೇ, ಚಿಲ್ಲರ್ ಕೊಳ್ಳುವ ಮೊದಲು ಟ್ಯಾಂಕ್ ಇಡುವ ಜಾಗದಲ್ಲಿ ಒಂದು ಬಕೆಟ್ ನೀರಿಟ್ಟು ಅದರಲ್ಲಿ ಥರ್ಮಾಮೀಟರ್ ಹಾಕಿ. ಮಧ್ಯಾಹ್ನ ನಾಲ್ಕಕ್ಕೆ, ಬೆಳಗ್ಗೆ ಆರಕ್ಕೆ ನೋಡಿ ಬರೆದಿಡಿ. ಪಂಪ್, ಲೈಟ್ ಸೇರಿದರೆ ಇನ್ನೊಂದೆರಡು ಡಿಗ್ರಿ ಏರುತ್ತದೆ ಅಂತ ಇಟ್ಟುಕೊಳ್ಳಿ. ಗುರಿ 25, 26. ಆಗ ನಿಮ್ಮ ಮನೆಯ ಉತ್ತರ ನಿಮಗೇ ಸಿಗುತ್ತದೆ. ಹೀಟರ್ ಮಾತ್ರ ಇರಲಿ. ಡಿಸೆಂಬರ್ ರಾತ್ರಿ ಇಲ್ಲಿ 15, 16ಕ್ಕೆ ಇಳಿಯುತ್ತದೆ, ಅದನ್ನು ಎಲ್ಲರೂ ಮರೆಯುತ್ತಾರೆ.

ಕರೆಂಟ್ ಬಿಲ್ ಕೇಳಿದಿರಿ. ಪಂಪ್, ಸ್ಕಿಮ್ಮರ್ (ಗಾಳಿಗುಳ್ಳೆಯಿಂದ ನೀರಿನ ಕೊಳೆ ತೆಗೆಯುವ ಯಂತ್ರ), ಎಲ್‌ಇಡಿ ಎಲ್ಲ ಸೇರಿ ಒಂದು ಹಳೆಯ ಸೀಲಿಂಗ್ ಫ್ಯಾನ್‌ಗಿಂತ ಜಾಸ್ತಿ, ಆದರೆ ಭಯಪಡುವಷ್ಟಲ್ಲ. ಬಿಲ್ ಏರಿಸುವುದು ಚಿಲ್ಲರ್ ಮತ್ತು ಹೀಟರ್. ಮನೆಯಲ್ಲಿ ಹೇಳುವಾಗ ಪಂಪ್‌ನಿಂದ ಶುರು ಮಾಡಿ.

ವೈಟ್‌ಫೀಲ್ಡ್_ರೀಫ್

ಫ್ಯಾನ್ ಹಾಕಿದರೆ ದಿನಕ್ಕೆ ಎಷ್ಟು ನೀರು ಆವಿಯಾಗುತ್ತದೆ ಅಂತಲೂ ಹೇಳಿ.

ಟಿಡಿಎಸ್_ತಾತ

ಅದನ್ನು ನಾನು ಹೇಳುತ್ತೇನೆ, ಏಕೆಂದರೆ ಹೊಸಬರು ತಪ್ಪು ಮಾಡುವುದು ಇಲ್ಲೇ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. 150 ಲೀಟರಿನಲ್ಲಿ 5 ಲೀಟರ್ ಹೋದರೆ ಸಾವಿರ ಭಾಗಕ್ಕೆ 35 ಇದ್ದ ಲವಣಾಂಶ 36 ದಾಟುತ್ತದೆ. ಮಟ್ಟ ಇಳಿಯಿತು ಅಂತ ಮತ್ತೆ ಉಪ್ಪುನೀರು ತುಂಬಿಸಿದರೆ ವಾರದೊಳಗೆ ಎಲ್ಲಿಗೋ ಹೋಗಿರುತ್ತದೆ. ತುಂಬಿಸಬೇಕಾದದ್ದು ಉಪ್ಪಿಲ್ಲದ ಆರ್‌ಒ ಡಿಐ ನೀರು. ಒಣ ಬೇಸಿಗೆಯಲ್ಲಿ ಫ್ಯಾನ್ ಹಾಕಿದವರಿಗೆ ತಾನಾಗಿ ನೀರು ತುಂಬಿಸುವ ಎಟಿಒ ಇಲ್ಲದೆ ಆಗುವುದಿಲ್ಲ. ದುಡ್ಡು ಉಳಿಸುವುದಿದ್ದರೆ ಬೇರೆ ಎಲ್ಲಾದರೂ ಉಳಿಸಿ.

ಅಳೆಯಲು ರಿಫ್ರ್ಯಾಕ್ಟೋಮೀಟರ್. ಅದನ್ನು ಬರೀ ಆರ್‌ಒ ನೀರಿನಲ್ಲಿ ಸೊನ್ನೆಗೆ ಕೂರಿಸಿ ನಂಬಬೇಡಿ, 35ರ ಪ್ರಮಾಣದ ದ್ರಾವಣ ಸಿಗುತ್ತದೆ, ಅದರಿಂದ ಸರಿಮಾಡಿ. ಗಾಜಿನ ಮೇಲೆ ಎರಡು ಹನಿ, ಮುಚ್ಚಳ, ಗುಳ್ಳೆ ಇರಬಾರದು, ಅರ್ಧ ನಿಮಿಷ ಬಿಟ್ಟು ಬೆಳಕಿಗೆ ಹಿಡಿದು ನೋಡಿ. ನೀಲಿ ಬಿಳಿ ಸೇರುವ ಗೆರೆ ನೇರ 35ರ ಮೇಲೆ ಕೂರಬೇಕು. ಸಾಂದ್ರತೆಯ ಲೆಕ್ಕದಲ್ಲಿ 1.026.

ನಿಮ್ಮ ಟ್ಯಾಂಕಿಗೆ ಮೊದಲ ಸಲ ಸುಮಾರು 6 ಕಿಲೋ ಉಪ್ಪು ಹಿಡಿಯುತ್ತದೆ. ನೀರಿಗೆ ಉಪ್ಪು ಹಾಕಿ, ಉಪ್ಪಿನ ಮೇಲೆ ನೀರು ಸುರಿಯಬೇಡಿ. ಒಮ್ಮೆಲೇ ದಟ್ಟವಾದರೆ ಕ್ಯಾಲ್ಸಿಯಂ ಸುಣ್ಣದ ಹಾಗೆ ತಳದಲ್ಲಿ ಕೂರುತ್ತದೆ, ಮತ್ತೆ ಕರಗುವುದಿಲ್ಲ.

ಬೀಮ್_ಕಾಲಂ

ನಡುವೆ ಬಾಯಿ ಹಾಕುತ್ತೇನೆ, ಕಟ್ಟಡದ ಕೆಲಸ ನನ್ನದು. ನೀರು 190 ಕಿಲೋ ಹತ್ತಿರ, ಗಾಜು 40, 50 ಕಿಲೋ, ಕಲ್ಲು, ಮರಳು, ಸ್ಟ್ಯಾಂಡ್, ಅದರೊಳಗೆ ಸ್ಕಿಮ್ಮರ್ ಕೂರಿಸುವ ಸಂಪ್ ಟ್ಯಾಂಕ್. 350ರಿಂದ 400 ಕಿಲೋ ಅಂತ ಇಟ್ಟುಕೊಳ್ಳಿ. ಮನೆಯ ಕೋಣೆಗೆ ಚದರ ಮೀಟರಿಗೆ 200 ಕಿಲೋ ಭಾರ ಅಂತ ಲೆಕ್ಕ ಹಿಡಿದು ವಿನ್ಯಾಸ ಮಾಡಿರುತ್ತಾರೆ. ಅದು ಇಡೀ ಕೋಣೆಗೆ ಹರಡಿದ ಭಾರ, ಒಂದೇ ಕಡೆ ಕೂತ ಭಾರ ಬೇರೆ. ಆದರೂ ಈ ಗಾತ್ರಕ್ಕೆ ಸರಿಯಾಗಿ ಕಟ್ಟಿದ ಆರ್‌ಸಿಸಿ ಕಟ್ಟಡದಲ್ಲಿ ಸಾಮಾನ್ಯವಾಗಿ ತೊಂದರೆ ಆಗುವುದಿಲ್ಲ. ಹಾಲ್ ಮಧ್ಯೆ ಬೇಡ, ಗೋಡೆಗೆ ಒತ್ತಿ, ಕೆಳಗೆ ಬೀಮ್ ಇರುವ ಕಡೆ, ಕಾಲಂ ಹತ್ತಿರ ಇಡಿ. ಬಾಲ್ಕನಿಯಲ್ಲಿ ಇಡಲೇಬೇಡಿ. ಮುಂದೆ 4 ಅಡಿ, 5 ಅಡಿಗೆ ಹೋಗುವ ಆಸೆ ಬಂದರೆ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಕಟ್ಟಡದ ನಕ್ಷೆ ತೋರಿಸಿ.

ಸಾಗುವಾನಿ ಬಾಗಿಲು ದಾಟಿಸುವಾಗ ಟ್ಯಾಂಕ್ ಹೊರಗೇ ಉಳಿದ ಕಥೆಗಳು ಇವೆ. ಲಿಫ್ಟ್ ಬಾಗಿಲನ್ನೂ ಅಳೆಯಿರಿ.

ಹೊಸಬ_ಜೆಪಿನಗರ

ಲಿಫ್ಟ್ ಯೋಚನೆಯೇ ಬಂದಿರಲಿಲ್ಲ ಸರ್, ಥ್ಯಾಂಕ್ಸ್. ಇನ್ನು ಕಾಯುವ ವಿಷಯ. ಸಿಹಿನೀರಿನಲ್ಲಿ ಬಾಟಲಿ ಬ್ಯಾಕ್ಟೀರಿಯಾ ಹಾಕಿ ಬೇಗ ಮೀನು ಬಿಡುತ್ತಿದ್ದೆ. ಇಲ್ಲಿ?

ಗಾಜಿನ_ಕಡಲು

ಬಾಟಲಿ ಇಲ್ಲಿಯೂ ಸಿಗುತ್ತದೆ, ಹಾಕಿ. ಆದರೆ ಉಪ್ಪುನೀರಿಗೆ ಅಂತಲೇ ಇರುವುದನ್ನು ಹಾಕಿ. ಲೈವ್ ರಾಕ್ ಅಂತ ಸಮುದ್ರದಿಂದ ಎತ್ತಿದ ಕಲ್ಲು ತರುವ ದಾರಿ ಮುಚ್ಚಿದೆ, ಮೇಡಂ ಹೇಳಿದ ಕಾರಣಕ್ಕೇ. ಒಣ ಕಲ್ಲು ಅಥವಾ ಸೆರಾಮಿಕ್ ಕಲ್ಲಿನಿಂದ ಶುರು ಮಾಡಿ. ಅದರಲ್ಲಿ ಜೀವ ಇರುವುದಿಲ್ಲ, ನಾವೇ ಕೂರಿಸಬೇಕು.

ಲೈಟ್ ಆರಿಸಿ. ಕಲ್ಲು ಜೋಡಿಸಿ, ನೀರು ಓಡಿಸಿ, ಅಮೋನಿಯಂ ಕ್ಲೋರೈಡ್ ದ್ರಾವಣದಿಂದ ಅಮೋನಿಯಾವನ್ನು 2 ಪಿಪಿಎಂಗೆ (ಹತ್ತು ಲಕ್ಷದಲ್ಲಿ ಎರಡು ಭಾಗ) ತನ್ನಿ. ಒಂದು ಸಿಗಡಿ ಹಾಕಿ ಕೊಳೆಯಲು ಬಿಡುವವರೂ ಇದ್ದಾರೆ. ನಡೆಯುತ್ತದೆ, ಆದರೆ ಹಾಲ್‌ನಲ್ಲಿ ವಾಸನೆ ಬಂದಾಗ ಮನೆಯವರು ನಿಮ್ಮನ್ನೇ ಹೊರಗೆ ಹಾಕುತ್ತಾರೆ. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. 2 ಪಿಪಿಎಂ ಹಾಕಿದ್ದು ಒಂದು ದಿನದಲ್ಲಿ ಸೊನ್ನೆ ಆದರೆ ಟ್ಯಾಂಕ್ ತಯಾರು. ಸಾಮಾನ್ಯವಾಗಿ ಮೂರರಿಂದ ಆರು ವಾರ.

ನೈಟ್ರೈಟ್ ಇರುವಾಗ ನೈಟ್ರೇಟ್ ಕಿಟ್ ಸುಳ್ಳು ಸಂಖ್ಯೆ ತೋರಿಸುತ್ತದೆ, ನೋಡಿ ಗಾಬರಿಯಾಗಬೇಡಿ. ಉಪ್ಪುನೀರಿನಲ್ಲಿ ಕ್ಲೋರೈಡ್ ಜಾಸ್ತಿ ಇರುವುದರಿಂದ ನೈಟ್ರೈಟ್ ಸಿಹಿನೀರಿನಷ್ಟು ವಿಷವೂ ಅಲ್ಲ.

ಆಮೇಲೆ ಪಾಚಿಯ ಕಾಲ ಬರುತ್ತದೆ. ಮೊದಲು ಕಂದು, ಆಮೇಲೆ ಹಸಿರು ಕೂದಲು, ಕೆಲವರಿಗೆ ಕೆಂಪು ಲೋಳೆ. ಈ ಹಂತದಲ್ಲಿ ಸಿಕ್ಕಸಿಕ್ಕ ಔಷಧಿ ಸುರಿದು ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆಗೆ ತಂದವರಿಗೆ ಡೈನೊಫ್ಲಾಜೆಲೇಟ್ ಕಾದಿರುತ್ತದೆ. ಅದು ಕಂದು ಬಣ್ಣದ ದಾರ, ತುದಿಯಲ್ಲಿ ಗಾಳಿಗುಳ್ಳೆ, ಒರೆಸಿದರೆ ಸಂಜೆಗೆ ಮತ್ತೆ ಹಾಜರು. ನೈಟ್ರೇಟ್ 2ರಿಂದ 10, ಫಾಸ್ಫೇಟ್ 0.03ರಿಂದ 0.1, ಅಷ್ಟು ಇರಲಿ. ಕೈಯಿಂದ ಕಿತ್ತು, ನೀರು ಬದಲಿಸಿ, ಟರ್ಬೊ ಬಸವನಹುಳು ಬಿಟ್ಟು ಕಾಯಿರಿ.

ಪುಟ್ಟಟ್ಯಾಂಕ್

ಕರೆಂಟ್ ಹೋದರೆ? ನಮ್ಮ ಏರಿಯಾದಲ್ಲಿ ಗಾಳಿ ಮಳೆ ಬಂದರೆ ಬೆಸ್ಕಾಂ ನಾಪತ್ತೆ.

ಟಿಡಿಎಸ್_ತಾತ

ಮೊದಲು ಕೊರತೆಯಾಗುವುದು ಆಮ್ಲಜನಕ. ಉಪ್ಪುನೀರು ಸಿಹಿನೀರಿಗಿಂತ ಕಡಿಮೆ ಆಮ್ಲಜನಕ ಹಿಡಿಯುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಗಾಳಿಯ ಒತ್ತಡವೇ ಕಡಿಮೆ. ಹಾಗಾಗಿ ಕರಾವಳಿಗಿಂತ ನಮ್ಮ ನೀರಿನಲ್ಲಿ ಆಮ್ಲಜನಕ ಶೇ. 10ರಷ್ಟು ಕಡಿಮೆಯೇ ಕರಗುತ್ತದೆ. ಪಂಪ್ ಓಡುತ್ತಿದ್ದರೆ ಇದು ಲೆಕ್ಕಕ್ಕಿಲ್ಲ. ನಿಂತರೆ ಲೆಕ್ಕಕ್ಕಿದೆ. ಮನೆಯ ಇನ್ವರ್ಟರ್‌ಗೆ ಟ್ಯಾಂಕಿನ ನೀರು ಅಲುಗಿಸುವ ಒಂದು ವೇವ್ ಪಂಪ್ ಜೋಡಿಸಿ, 10, 20 ವ್ಯಾಟ್ ಅಷ್ಟೇ. ಚಿಲ್ಲರ್, ಹೀಟರ್ ಜೋಡಿಸಬೇಡಿ. ಬ್ಯಾಟರಿಯಲ್ಲಿ ಓಡುವ ಏರ್ ಪಂಪ್ ಒಂದನ್ನು ಡ್ರಾಯರಿನಲ್ಲಿ ಇಟ್ಟುಕೊಳ್ಳಿ.

ವೈಟ್‌ಫೀಲ್ಡ್_ರೀಫ್

ಸೊಳ್ಳೆ ಔಷಧಿ ಬಗ್ಗೆ ಯಾರೂ ಹೇಳಲಿಲ್ಲ. ಗೋಡೆಗೆ ಸಿಕ್ಕಿಸುವ ಲಿಕ್ವಿಡ್, ಕಾಯಿಲ್, ಜಿರಳೆ ಸ್ಪ್ರೇ ಇವುಗಳಲ್ಲಿ ಹೆಚ್ಚಿನವು ಪೈರೆಥ್ರಾಯ್ಡ್. ಮೀನಿಗೂ ಸಿಗಡಿಗೂ ಕಡುವಿಷ. ಸ್ಕಿಮ್ಮರ್ ಕೋಣೆಯ ಗಾಳಿ ಎಳೆದು ನೀರಿಗೆ ನುಣ್ಣಗೆ ಬೆರೆಸುವ ಯಂತ್ರ, ಅದನ್ನು ನೆನಪಿಡಿ. ಟ್ಯಾಂಕ್ ಇರುವ ಕೋಣೆಯಲ್ಲಿ ಸೊಳ್ಳೆಪರದೆ ಅಥವಾ ಕಿಟಕಿಗೆ ಜಾಲರಿ ಹಾಕಿಸಿ. ಪೂಜೆಯ ಸಾಂಬ್ರಾಣಿ ಹೊಗೆ ದಟ್ಟವಾಗಿ ಹಾಕುವ ಮನೆಯಾದರೆ ಸ್ಕಿಮ್ಮರಿನ ಗಾಳಿಕೊಳವೆಯನ್ನು ಕಿಟಕಿಯಾಚೆ ಬಿಡಿ. ಅಪಾರ್ಟ್‌ಮೆಂಟಿನವರು ಪೆಸ್ಟ್ ಕಂಟ್ರೋಲ್ ಮಾಡಿಸುವ ದಿನ ಮೊದಲೇ ಕೇಳಿಟ್ಟುಕೊಳ್ಳಿ.

ಹಾಗೇ ಸೋವಾಂತಿಡ್ ಮುಟ್ಟುವಾಗ ಕೈಗವಸು, ಕನ್ನಡಕ ಇರಲಿ. ಕೆಲವು ಜಾತಿಗಳಲ್ಲಿ ಪ್ಯಾಲಿಟಾಕ್ಸಿನ್ ಇರುತ್ತದೆ. ಅವು ಬೆಳೆದ ಕಲ್ಲನ್ನು ಬಿಸಿನೀರಿಗೆ ಹಾಕಿ ಕುದಿಸಿ ಸ್ವಚ್ಛ ಮಾಡುವ ಸಾಹಸ ಯಾವತ್ತೂ ಬೇಡ, ಆ ಹಬೆ ಉಸಿರಾಡಿ ಆಸ್ಪತ್ರೆ ಸೇರಿದವರಿದ್ದಾರೆ. ಮಗಳು ಚಿಕ್ಕವಳಾದರೆ ಸದ್ಯಕ್ಕೆ ಅದನ್ನೂ ಬಿಡಿ, ಮಶ್ರೂಮ್ ಸಾಕು.

ಹೊಸಬ_ಜೆಪಿನಗರ

ಸರಿ, ಜೇಬಿನ ಪಟ್ಟಿ ತೆಗೆಯುತ್ತಿದ್ದೇನೆ. ಅಕ್ರೊ, ಕಡಲಕುದುರೆ ಹೋಯಿತು. ಬ್ಲೂ ಟ್ಯಾಂಗ್ ಮರಿ ಎರಡು ಇಂಚು ಇರುತ್ತದಲ್ಲ, ದೊಡ್ಡದಾದ ಮೇಲೆ ಬೇರೆಯವರಿಗೆ ಕೊಟ್ಟರೆ? ಮಗಳಿಗೆ ಏನು ಹೇಳಲಿ?

ಗಾಜಿನ_ಕಡಲು

ಬ್ಲೂ ಟ್ಯಾಂಗ್ 30 ಸೆಂಟಿಮೀಟರ್ ತನಕ ಬೆಳೆಯುತ್ತದೆ, ಇಡೀ ದಿನ ಈಜುವ ಮೀನು. 3 ಅಡಿಯಲ್ಲಿ ಈ ಗೋಡೆ ಮುಟ್ಟಿ ಆ ಗೋಡೆಗೆ ತಿರುಗುವುದೇ ಅದರ ಕೆಲಸ ಆಗುತ್ತದೆ. 6 ಅಡಿ ಟ್ಯಾಂಕ್ ಬೇಕು. ಜೊತೆಗೆ ಬಿಳಿಚುಕ್ಕೆ ರೋಗ, ಅಂದರೆ ಕ್ರಿಪ್ಟೋಕ್ಯಾರಿಯಾನ್, ಮೊದಲು ಅದಕ್ಕೇ ತಗಲುತ್ತದೆ. "ಆಮೇಲೆ ಕೊಡುತ್ತೇನೆ" ಅಂದವರು ಬಹಳ ಜನ, ತಗೊಳ್ಳುವವರು ಯಾರು? ಮಗಳಿಗೆ ನೀಲಿಯೇ ಬೇಕಾದರೆ ಹಳದಿ ಬಾಲದ ನೀಲಿ ಡ್ಯಾಮ್ಸೆಲ್ ತನ್ನಿ. ಡ್ಯಾಮ್ಸೆಲ್ ಜಾತಿಯಲ್ಲಿ ಅದು ಸ್ವಲ್ಪ ಸಮಾಧಾನಿ. ಕೊನೆಯಲ್ಲಿ ಬಿಡಿ.

ಮ್ಯಾಂಡರಿನ್ ನೋಡಲು ಕಲ್ಲಿಗೆ ಬಣ್ಣ ಬಳಿದ ಹಾಗೆ ಚೆಂದ, ಆದರೆ ಅದು ದಿನವಿಡೀ ಕಲ್ಲಿನ ಸಂದಿಯ ಕೋಪೆಪಾಡ್ ಎಂಬ ಪುಟಾಣಿ ಜೀವಿಗಳನ್ನು ಹೆಕ್ಕಿ ತಿನ್ನುತ್ತದೆ. ಹೊಸ ಟ್ಯಾಂಕಿನಲ್ಲಿ ಅದು ಹಸಿದು ಸೊರಗುತ್ತದೆ. ಎನಿಮೋನ್‌ಗೂ ಟ್ಯಾಂಕ್ ಹಳೆಯದಾಗಬೇಕು. ಅದು ಜಾಗ ಹಿಡಿಸದಿದ್ದರೆ ಎದ್ದು ನಡೆಯುತ್ತದೆ, ನಡೆದು ಹೋಗಿ ವೇವ್ ಪಂಪಿಗೆ ಸಿಕ್ಕರೆ ಇಡೀ ಟ್ಯಾಂಕ್ ಕೆಡುತ್ತದೆ. ಕ್ಲೌನ್‌ಗೆ ಎನಿಮೋನ್ ಬೇಕೇ ಬೇಕು ಅಂತಿಲ್ಲ. ಲೆದರ್ ಹವಳದಲ್ಲೋ ಪಂಪಿನ ಮೂಲೆಯಲ್ಲೋ ಮನೆ ಮಾಡಿಕೊಳ್ಳುತ್ತದೆ.

ಕ್ಲೌನ್ ಕೊಳ್ಳುವಾಗ ಹ್ಯಾಚರಿಯಲ್ಲಿ ಹುಟ್ಟಿದ್ದನ್ನೇ ಕೇಳಿ. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ, ಅಂದರೆ ಸಿಎಂಎಫ್‌ಆರ್‌ಐನವರು ಮಂಡಪಂ, ವಿಳಿಂಜಂ ಕೇಂದ್ರಗಳಲ್ಲಿ ಕ್ಲೌನ್ ಮರಿ ಮಾಡಿಸುವ ವಿಧಾನವನ್ನು ಎಂದೋ ಕರಗತ ಮಾಡಿಕೊಂಡಿದ್ದಾರೆ. ಹ್ಯಾಚರಿ ಮೀನು ಕಾಳು ಆಹಾರಕ್ಕೆ ಒಗ್ಗಿರುತ್ತದೆ, ರೋಗ ಕಡಿಮೆ. ಎರಡೂ ಮರಿ ಇರಲಿ, ಒಂದು ಸ್ವಲ್ಪ ದೊಡ್ಡದು, ಒಂದು ಚಿಕ್ಕದು. ಎಲ್ಲವೂ ಹುಟ್ಟುವಾಗ ಗಂಡು. ಜೋಡಿಯಲ್ಲಿ ದೊಡ್ಡದು ಹೆಣ್ಣಾಗಿ ಬದಲಾಗುತ್ತದೆ, ಮನೆಯ ಯಜಮಾನಿಕೆ ಅದರದ್ದೇ. ಮಗಳಿಗೆ ಈ ಕಥೆ ಹೇಳಿ, ಬ್ಲೂ ಟ್ಯಾಂಗ್ ಮರೆತರೂ ಮರೆತಾಳು.

ಅಂಗಡಿಯಲ್ಲಿ ಮೀನು ತಿನ್ನುವುದನ್ನು ಕಣ್ಣಾರೆ ನೋಡದೆ ದುಡ್ಡು ಕೊಡಬೇಡಿ. "ಸ್ವಲ್ಪ ಊಟ ಹಾಕಿ ಅಣ್ಣ" ಅಂದರೆ ಹಾಕುತ್ತಾರೆ. ಕಿವಿರು ವೇಗವಾಗಿ ಬಡಿಯುತ್ತಿದ್ದರೆ, ಮೈಮೇಲೆ ಹಿಟ್ಟು ಉದುರಿಸಿದಂತೆ ಕಂಡರೆ ವಾಪಸ್ ಬನ್ನಿ.

ಕುಮಟಾ_ಕಡೆಯವಳು

ತಂದ ಮೀನನ್ನು ನೇರ ಟ್ಯಾಂಕಿಗೆ ಬಿಡಬೇಡಿ. 40 ಲೀಟರಿನ ಪ್ಲಾಸ್ಟಿಕ್ ಟಬ್, ಸ್ಪಾಂಜ್ ಫಿಲ್ಟರ್, ಹೀಟರ್, ಅಡಗಲು ಎರಡು ಪಿವಿಸಿ ಎಲ್ಬೋ. ಅದರಲ್ಲಿ ನಾಲ್ಕು ವಾರ ಇಡಿ. ಬಿಳಿಚುಕ್ಕೆಗೆ ತಾಮ್ರದ ಔಷಧಿ ಕೊಡುವುದಾದರೆ ಆ ಟಬ್ಬಿನಲ್ಲಿ ಮಾತ್ರ. ತಾಮ್ರ ಮುಖ್ಯ ಟ್ಯಾಂಕ್ ಸೇರಿದರೆ ಸಿಗಡಿ, ಬಸವನಹುಳು, ಹವಳ ಒಂದೂ ಉಳಿಯುವುದಿಲ್ಲ. ಟಬ್ಬಿಗೆ ಬಳಸಿದ ಬಲೆಯನ್ನು ಮುಖ್ಯ ಟ್ಯಾಂಕಿಗೆ ಬಳಸಬೇಡಿ. ಮುಖ್ಯ ಟ್ಯಾಂಕಿಗೇ ಆ ರೋಗ ಹೊಕ್ಕಿತು ಅಂದರೆ ಎಲ್ಲ ಮೀನು ಹೊರಗೆ ತೆಗೆದು ಎರಡೂವರೆ ತಿಂಗಳು ಖಾಲಿ ಬಿಡಬೇಕು. ಟಬ್ಬಿನ ರೇಟು ಅದರ ಮುಂದೆ ಏನೂ ಅಲ್ಲ.

ಹೊಸಬ_ಜೆಪಿನಗರ

ಹೊಸ ಪಟ್ಟಿ: ಹ್ಯಾಚರಿಯ ಕ್ಲೌನ್ ಎರಡು. ಕ್ಲೀನರ್ ಸಿಗಡಿ ಒಂದು. ಬಸವನಹುಳು, ಸನ್ಯಾಸಿ ಏಡಿ ಕೆಲವು. ಮಶ್ರೂಮ್, ಲೆದರ್. ಪಾಚಿಯ ಕಾಲ ಕಳೆದ ಮೇಲೆ ಒಂದು ಫೈರ್‌ಫಿಶ್, ಕೊನೆಗೆ ಮಗಳ ಡ್ಯಾಮ್ಸೆಲ್. ಸರಿ ಇದೆಯಾ?

ಗಾಜಿನ_ಕಡಲು

ಇದು ಟ್ಯಾಂಕಿನ ಪಟ್ಟಿ. ಫೈರ್‌ಫಿಶ್ ಹಾರುವ ಮೀನು, ಮೇಲೆ ಜಾಲರಿ ಮುಚ್ಚಳ ಹಾಕಿ.

ಈ ಜೀವಿಗಳಿಗೆ ಕ್ಯಾಲ್ಸಿಯಂ, ಮೆಗ್ನೀಷಿಯಂ ಬೇರೆಯಾಗಿ ಹಾಕಬೇಕಾಗಿಲ್ಲ. ವಾರಕ್ಕೆ ಶೇ. 10 ನೀರು ಬದಲಿಸಿದರೆ ಉಪ್ಪಿನಲ್ಲೇ ಬರುತ್ತದೆ. ಕ್ಷಾರತೆ ಮಾತ್ರ ವಾರಕ್ಕೊಮ್ಮೆ ನೋಡಿ, 8ರಿಂದ 9 ಡಿಕೆಎಚ್ ಇದ್ದರೆ ಸುಮ್ಮನಿರಿ.

ಹೊಸಬ_ಜೆಪಿನಗರ

ಆಯಿತು ಸರ್. ಭಾನುವಾರ ಸ್ಟ್ಯಾಂಡ್ ಅಳತೆಗೆ ಕಾರ್ಪೆಂಟರ್ ಬರುತ್ತಿದ್ದಾರೆ. ಎತ್ತರ ಎಷ್ಟು ಹೇಳಲಿ? ಪ್ಲೈವುಡ್ ಆಗುತ್ತದಾ, ಕಬ್ಬಿಣವಾ?

ಬೀಮ್_ಕಾಲಂ

ಒಳಗೆ ಕಬ್ಬಿಣದ ಚೌಕ ಪೈಪಿನ ಫ್ರೇಮ್, ಎಪಾಕ್ಸಿ ಬಣ್ಣ ಎರಡು ಕೋಟು. ಹೊರಗೆ ಬೇಕಾದರೆ ಮರೈನ್ ಪ್ಲೈ. ಉಪ್ಪುನೀರು ಬಿದ್ದಲ್ಲೆಲ್ಲ ಕಬ್ಬಿಣ ತಿನ್ನುತ್ತದೆ, ವೆಲ್ಡಿಂಗ್ ಜಾಗದಲ್ಲಿ ಬಣ್ಣ ಬಿಟ್ಟಿಲ್ಲವಾ ಬೆರಳಾಡಿಸಿ ನೋಡಿ. ಮೇಲಿನ ಹಲಗೆ ಸಮತಲ ಇರಬೇಕು, ಸ್ಪಿರಿಟ್ ಲೆವೆಲ್ ಇಟ್ಟು ನೀವೇ ನಿಂತು ನೋಡಿ. ಪ್ಲಗ್‌ಗಳು ನೆಲದ ಹತ್ತಿರ ಬೇಡ, ಪಕ್ಕದ ಗೋಡೆಯಲ್ಲಿ ಮೇಲೆ. ವೈರ್ ಪ್ಲಗ್‌ಗಿಂತ ಕೆಳಗೆ ಒಮ್ಮೆ ಜೋತು ಬಿದ್ದು ಮೇಲೆ ಹೋಗಲಿ, ಸೋರಿದ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಕರೆಂಟ್ ಸೋರಿದರೆ ತಾನಾಗಿ ಕಡಿಯುವ ಇಎಲ್‌ಸಿಬಿ ಸ್ವಿಚ್ ಹಾಕಿಸಿ.

ಗಾಜಿನ_ಕಡಲು

ಎತ್ತರ 30 ಇಂಚಿಗಿಂತ ಕಡಿಮೆ ಬೇಡ. ಕೆಳಗೆ ಸಂಪ್ ಇಟ್ಟ ಮೇಲೆ ಸ್ಕಿಮ್ಮರಿನ ಕಪ್ ಮೇಲಕ್ಕೆ ಎತ್ತಿ ತೆಗೆಯಲು ಜಾಗ ಉಳಿಯಬೇಕು. ಸ್ಕಿಮ್ಮರ್ ಮೊದಲು ಆರಿಸಿ, ಅದರ ಎತ್ತರ ಕಾರ್ಪೆಂಟರ್‌ಗೆ ಕೊಡಿ. ಬಾಗಿಲು ಪೂರ್ತಿ ತೆರೆಯುವ ಹಾಗೆ ಮಾಡಿಸಿ, ಮಧ್ಯದಲ್ಲಿ ಕಂಬ ಇಟ್ಟರೆ ಸಂಪ್ ಒಳಗೆ ಹೋಗುವುದಿಲ್ಲ.